ತಿಮಿಂಗಿಲದೊಳಗಿನ ಮೇಷ್ಟ್ರು

ಆ ಕ್ಯಾಮೆರಾಕ್ಕೆ ಬೆನ್ನೆಂಬುದೇ ಇರಲಿಲ್ಲ. ತೊಂದರೆಯೆಲ್ಲ ಅಲ್ಲಿಂದಲೇ ಶುರುವಾಯಿತು. ಸುತ್ತಲೂ ಕಣ್ಣಿರುವ ಯಂತ್ರದೆದುರು ಚಿತ್ರ ತೆಗೆಯುವವನು ಅಡಗುವುದೆಲ್ಲಿ?

ಪ್ರಾಣಿಶಾಸ್ತ್ರದ ಮೇಷ್ಟ್ರು ಅಂದು ಸಂಜೆಯೊಳಗೆ ವಿಶ್ವವಿದ್ಯಾಲಯದ ವಸ್ತುಸಂಗ್ರಹಾಲಯವನ್ನಿಡೀ ಕಂಪ್ಯೂಟರಿಗೆ ಇಳಿಸಬೇಕಿತ್ತು. ವಿದ್ಯಾರ್ಥಿಗಳು ಮನೆಯಲ್ಲಿ ಕೂತೇ ಅದರೊಳಗೆ ಅಡ್ಡಾಡಬೇಕು. ಮುಟ್ಟಿದ ಮೂಳೆ ತನ್ನ ಕತೆ ಹೇಳಬೇಕು. ಕುಲಪತಿಗಳು ಮೆಚ್ಚದಿದ್ದರೆ ಆ ಕೋಣೆ ಮುರಿದ ಕುರ್ಚಿಗಳ ಪಾಲು, ಮೇಷ್ಟ್ರು ಪರೀಕ್ಷಾ ವಿಭಾಗದ ಪಾಲು.

ಮೇಷ್ಟ್ರು ಗುಂಡಿ ಒತ್ತಿ, ಅದು ಕ್ಲಿಕ್ಕೆನ್ನುವುದರೊಳಗೆ ಹೊರಗೋಡಿದರು. ಮೊದಲ ಚಿತ್ರದಲ್ಲಿ ಕಿಟಕಿಯಿಂದ ಇಣುಕುವ ಗ್ರಂಥಪಾಲಕಿ. ಎರಡನೆಯದರಲ್ಲಿ, ಆಮೆಯ ಪಕ್ಕದಲ್ಲೇ, ಟೀ ಲೋಟ ಹಿಡಿದ ಗ್ರಂಥಪಾಲಕಿ.

"ತಾಯೀ, ನಿಮ್ಮ ದಮ್ಮಯ್ಯ, ಆಚೆ ಹೋಗಿ!"

"ಟೀ ಆರಿಹೋಗುತ್ತಲ್ಲಾಂತ ತಂದೆ ಮೇಷ್ಟ್ರೇ, ನನಗೆ ಬುದ್ಧಿ ಇಲ್ಲ. ಇನ್ಯಾರೂ ಬರದ ಹಾಗೆ ಹೊರಗಿಂದ ಚಿಲಕ ಹಾಕ್ತೀನಿ, ಬಿಡಿ."

ಹಾಕಿಯೂ ಬಿಟ್ಟರು. ಮೇಷ್ಟ್ರು ಆ ಎರಡು ಚಿತ್ರ ಅಳಿಸಿ ಮತ್ತೆ ಗುಂಡಿ ಒತ್ತಿ ಓಡಿದರೆ ಬಾಗಿಲು ತೆರೆಯಲೊಲ್ಲದು! ಹಾವು ಕಂಡ ಇಲಿಯಂತೆ ಅವರು ತಿಮಿಂಗಿಲದ ಅಸ್ಥಿಪಂಜರದೊಳಗೆ ನುಸುಳಿದರು. ಕ್ಲಿಕ್ ಎಂದದ್ದೇ ಕ್ಯಾಮೆರಾದ ಚಾರ್ಜು ಮುಗಿಯಿತು.

ತಲೆಯೆತ್ತಿದರು. ಕಡಲು ಹಿಂಗಿದ ಮೇಲೂ ಅಲೆಗಳು ಮಾತ್ರ ಉಳಿದಂತೆ, ಬೆಳ್ಳನೆಯ ಪಕ್ಕೆಲುಬುಗಳು ಬಾಗಿ ನಿಂತಿದ್ದವು. ಇಷ್ಟು ವರ್ಷ ಪಾಠ ಹೇಳಿದ್ದರು. ಒಳಗಿನಿಂದ ಒಮ್ಮೆಯೂ ನೋಡಿರಲಿಲ್ಲ.

ಗ್ರಂಥಪಾಲಕಿ ಊಟ ಮುಗಿಸಿ ಚಿಲಕ ತೆಗೆಯುವಷ್ಟರಲ್ಲಿ ಚಿತ್ರವನ್ನು ಪರೀಕ್ಷಿಸಿ ನೋಡುವಷ್ಟು ಸಮಯ ಉಳಿದಿರಲಿಲ್ಲ.

ಸಂಜೆ ಕುಲಪತಿಗಳು ಡಬ್ಬಿಯಂಥ ಕನ್ನಡಕವನ್ನು ಕಣ್ಣಿಗೆ ಕಟ್ಟಿಕೊಂಡರು. ಗಾಳಿಯಲ್ಲಿ ಕೈಚಾಚಿ ಪಕ್ಕೆಲುಬನ್ನು ಮುಟ್ಟಿದೊಡನೆ ಕಿವಿಯಲ್ಲಿ ಸಮುದ್ರ ಮೊರೆಯಿತು. ಯಾರಿಗೂ ಬಾಗದ ತಲೆ ತಾನಾಗಿ ಬಾಗಿತು.

"ಅಬ್ಬಾ!" ಎಂದರು, ಮಗುವಿನಂತೆ. ಮರುಕ್ಷಣ, "ಅಲ್ರೀ, ಮೂಳೆಗಳ ಮಧ್ಯೆ ಮುದುರಿಕೊಂಡು ಕೂತಿರೋದು ಯಾರು?"

ಮೇಷ್ಟ್ರು ಮೆಲ್ಲನೆ ಗ್ರಂಥಪಾಲಕಿಯ ಹಿಂದಕ್ಕೆ ಸರಿದರು.

"ಅದು ಅಳತೆಗೆ ಸರ್," ಗ್ರಂಥಪಾಲಕಿ ತಟ್ಟನೆ ಬಾಯಿ ಹಾಕಿದರು. "ತಿಮಿಂಗಿಲ ಎಷ್ಟು ದೊಡ್ಡದು, ಮನುಷ್ಯ ಎಷ್ಟು ಸಣ್ಣವನು ಅಂತ ಮಕ್ಕಳಿಗೆ ತಿಳೀಲಿ ಅಂತ."

ಕುಲಪತಿಗಳು ಕನ್ನಡಕ ಬಿಚ್ಚಿ ಕಣ್ಣೊರೆಸಿಕೊಂಡರು. "ಭೇಷ್! ಈ ಕೋಣೆ ಎಲ್ಲಿಗೂ ಹೋಗಲ್ಲ. ಚಿತ್ರದಲ್ಲಿ ನೋಡಿದೋರು ನಾಳೆಯಿಂದ ಇಲ್ಲಿಗೂ ಬರ್ತಾರೆ. ಅಲ್ಲಿರೋದೆಲ್ಲ ಇಲ್ಲೂ ಹಾಗೇ ಇರಬೇಕು. ಒಂದೂ ಕದಲಕೂಡದು!"

ಮೇಷ್ಟ್ರು ಕೈಮುಗಿದರು. ಆ 'ಎಲ್ಲ'ದೊಳಗೆ ತಾವೂ ಸೇರಿದ್ದೇವೆಂದು ತಿಳಿದದ್ದು, ಮರುದಿನ ಗ್ರಂಥಪಾಲಕಿ ತಿಮಿಂಗಿಲದೊಳಗೊಂದು ದಿಂಬು ತಂದಿಟ್ಟಾಗ.

"ಕೂತು ನೋಡಿ ಮೇಷ್ಟ್ರೇ. ಬೆನ್ನು ಇನ್ನೊಂಚೂರು ಬಗ್ಗಿಸಿ, ಚಿತ್ರದಲ್ಲಿ ಹಾಗೇ ಇದೆ. ನನ್ನ ಚಿತ್ರ ಅಳಿಸದೇ ಇದ್ದಿದ್ರೆ, ದಿನಾ ಟೀ ಆದ್ರೂ ಸಿಗ್ತಿತ್ತು ನಿಮಗೆ."