ಕಸದ ಬುಟ್ಟಿಯಲ್ಲೊಂದು ರಾಜ್ಯ

ಕಂಪ್ಯೂಟರಿನಷ್ಟು ಗಲೀಜಾದ ಪ್ರಾಣಿಯನ್ನು ನಾನು ಇನ್ನೊಂದು ಕಂಡಿಲ್ಲ. ಎಮ್ಮೆ ಕೆಸರಿನಲ್ಲಿ ಹೊರಳಿದರೂ ಎದ್ದು ಬಂದ ಮೇಲೆ ಒಂದು ಸಲವಾದರೂ ಮೈ ಕೊಡವುತ್ತದೆ. ಸಕ್ರೆಬೈಲು ಬಿಡಾರದ ಆನೆಗಳಂತೂ ಬೆಳಿಗ್ಗೆ ತುಂಗೆಗಿಳಿದು, ಮಗ್ಗುಲಾಗಿ ಮಲಗಿ, ಮಾವುತ ಉಜ್ಜಿ ಮುಗಿಸುವವರೆಗೆ ಮದುಮಕ್ಕಳ ಹಾಗೆ ಕಣ್ಣು ಮುಚ್ಚಿಕೊಂಡಿರುತ್ತವೆ. ಈ ಯಂತ್ರಕ್ಕೆ ಅಷ್ಟೂ ಮಾನ ಮರ್ಯಾದೆ ಇಲ್ಲ. ನೀವು ಒಂದು ಅರ್ಜಿ ಟೈಪ್ ಮಾಡಿದರೆ ಅದು ಗುಟ್ಟಾಗಿ ಪಕ್ಕದಲ್ಲೇ ಒಂದು ನಕಲು ಮಾಡಿಟ್ಟುಕೊಳ್ಳುತ್ತದೆ. ಅರ್ಜಿ ಹೋಗಿ, ಕೆಲಸ ಆಗಿ, ನೀವೇ ಅದನ್ನು ಮರೆತರೂ ನಕಲನ್ನು ಬಿಸಾಡುವುದಿಲ್ಲ. ಇಂಟರ್ನೆಟ್ಟಿನಲ್ಲಿ ಒಂದು ಚಿತ್ರ ನೋಡಿದಿರೋ, ಅದರ ಚೂರುಪಾರುಗಳನ್ನೆಲ್ಲ ಸೆರಗಿಗೆ ಕಟ್ಟಿಕೊಂಡು ಮನೆಗೆ ಬರುತ್ತದೆ. ಏನಿದೆಲ್ಲ ಎಂದು ಕೇಳಿದರೆ 'ತಾತ್ಕಾಲಿಕ' ಎಂದು ಚೀಟಿ ಅಂಟಿಸಿ ತೋರಿಸುತ್ತದೆ. ನಮ್ಮಜ್ಜಿ ಬದುಕಿದ್ದಿದ್ದರೆ ಇದಕ್ಕೆ 'ಉಂಡ ಎಲೆ ಎತ್ತದ ಸೋಮಾರಿ' ಎಂದು ಹೆಸರಿಟ್ಟು, ಎರಡು ಹೊತ್ತು ಕರೆಂಟು ಕೊಡದೆ ದಾರಿಗೆ ತರುತ್ತಿದ್ದಳು.

ಗೋಪಾಳ ಬಡಾವಣೆಯಲ್ಲಿ ನಮ್ಮ ಬೀದಿಗೆ ಬಂದ ಮೊದಲ ಕಂಪ್ಯೂಟರ್ ನಮ್ಮದು. ಹಾಗಾಗಿ ಬೀದಿಗೆಲ್ಲ ನಾನೇ ಪಂಡಿತ. ಆ ಪಾಂಡಿತ್ಯವನ್ನು ಸಂಪಾದಿಸಿದ್ದು ದುರ್ಗಿಗುಡಿಯ ಒಂದು ಮಹಡಿ ಮೇಲಿನ ತರಬೇತಿ ಕೇಂದ್ರದಲ್ಲಿ. ಅಲ್ಲಿ ಚಪ್ಪಲಿ ಹೊರಗೆ ಬಿಟ್ಟು ಒಳಗೆ ಹೋಗಬೇಕು. ಗರ್ಭಗುಡಿಯಂಥ ತಣ್ಣನೆಯ ಕೋಣೆ, ಯಂತ್ರಗಳಿಗೆಲ್ಲ ಬಟ್ಟೆಯ ಮುಸುಕು. ಮೇಷ್ಟರು ಆ ಮುಸುಕು ಸರಿಸುವಾಗ ನಾವು ಗಲ್ಲ ಬಡಿದುಕೊಳ್ಳುವುದೊಂದು ಬಾಕಿ. ಅಲ್ಲಿ ಕಲಿತ ವಿದ್ಯೆಗಳಲ್ಲಿ ನನಗೆ ನಿಜವಾಗಿ ಒಲಿದದ್ದು ಅಳಿಸುವ ವಿದ್ಯೆ ಒಂದೇ. ಬರೆಯುವುದರಲ್ಲಿ, ಕೂಡಿಸುವುದರಲ್ಲಿ ನನಗಿಂತ ಚುರುಕಾದವರಿದ್ದರು. ಅಳಿಸುವುದರಲ್ಲಿ ನನ್ನನ್ನು ಮೀರಿಸುವವರಿರಲಿಲ್ಲ. ಮನೆಯ ಕಂಪ್ಯೂಟರಿನ ಪರದೆಯ ಮೇಲೆ ಬೇಡದ ಒಂದು ಗುರುತು ಕಂಡರೂ, ತೊಳೆದ ಅಂಗಳದಲ್ಲಿ ಕೋಳಿ ಓಡಾಡಿದ್ದನ್ನು ಕಂಡವರ ಹಾಗೆ ಕೂಗಾಡುತ್ತಿದ್ದೆ.

"ನಿಮ್ಮ ಬನಿಯನ್ನು ಮೂರು ದಿನದಿಂದ ಕುರ್ಚಿ ಮೇಲಿದೆ. ಅದು ಕಣ್ಣಿಗೆ ಬೀಳಲ್ವೇನ್ರೀ?" ಎನ್ನುತ್ತಿದ್ದಳು ನನ್ನ ಹೆಂಡತಿ ವಿಶಾಲು.

ಬನಿಯನ್ನಿನ ವಿಷಯ ಬೇರೆ. ಅದು ಕಂಪ್ಯೂಟರಿನ ವೇಗವನ್ನು ಕಡಿಮೆ ಮಾಡುವುದಿಲ್ಲ.

ಇಂಥ ನನ್ನ ಪರದೆಯ ಮುಂದೆ ಬಂದು ಕೂತವರು ನಮ್ಮ ಮಾವನವರು, ವಿಶಾಲುವಿನ ತಂದೆ. ಭದ್ರಾವತಿಯಲ್ಲಿ ಕಾರ್ಖಾನೆಯ ಕುಲುಮೆಯ ಮುಂದೆ ದುಡಿದು ನಿವೃತ್ತರಾದವರು. ಮೈ ಕುಲುಮೆಯ ಮುಂದಿದ್ದರೂ ಜೀವವೆಲ್ಲ ನಾಟಕದ ಮೇಲೆ. ಶಿಫ್ಟು ಮುಗಿಸಿ, ಮಸಿ ತೊಳೆದು, ಬಣ್ಣ ಹಚ್ಚಿಕೊಂಡು ಎಷ್ಟೋ ಸಲ ಕಾಲೋನಿಯ ರಂಗದ ಮೇಲೆ ನಿಂತವರು. ಆದರೆ ಆಡಿದ್ದೆಲ್ಲ ಬೇರೆಯವರು ಬರೆದ ಮಾತು. ತಾನು ಬರೆದ ಮಾತನ್ನು ಬೇರೆಯವರ ಬಾಯಲ್ಲಿ ಒಮ್ಮೆ ಕೇಳಬೇಕು ಎನ್ನುವುದೊಂದು ಆಸೆ ಉಳಿದುಹೋಗಿತ್ತು. ಆ ವರ್ಷ ಕಾಲೋನಿಯ ಗಣಪತಿ ಹಬ್ಬಕ್ಕೆ ಅವರದೇ ನಾಟಕ ಎಂದು ನಿಶ್ಚಯವಾಯಿತು. ಕೈ ನಡುಗುತ್ತಿದ್ದುದರಿಂದ ಪೆನ್ನು ಹಿಡಿದು ಬರೆದದ್ದು ಅವರಿಗೇ ಓದಲು ಬರುತ್ತಿರಲಿಲ್ಲ. ಹಾಗಾಗಿ ವಾರಕ್ಕೆರಡು ಸಲ ಬಸ್ಸು ಹತ್ತಿ ಬಂದು ನಮ್ಮ ಕಂಪ್ಯೂಟರಿನಲ್ಲಿ ಟೈಪ್ ಮಾಡತೊಡಗಿದರು. ಟೈಪಿಸುತ್ತಿದ್ದದ್ದು ಒಂದೇ ಬೆರಳು. ಅದು ಕೀಲಿಮಣೆಯ ಮೇಲೆ ಹದ್ದಿನಂತೆ ಸುತ್ತು ಹೊಡೆದು, ಬೇಕಾದ ಅಕ್ಷರ ಕಂಡೊಡನೆ ಎರಗುತ್ತಿತ್ತು. ಒಬ್ಬ ರಾಜ, ಒಬ್ಬಳು ರಾಣಿ, ಒಬ್ಬ ದುಷ್ಟ ಸೇನಾಪತಿ. ಯಾವ ರಾಜ್ಯ ಎಂದು ಕೇಳಿದ್ದಕ್ಕೆ "ನಮ್ಮದೇ" ಎಂದರು. ನಾನು ಮೂಗಿನಲ್ಲೇ ನಕ್ಕಿದ್ದೆ.

ನಮ್ಮಲ್ಲಿ ಪ್ರಿಂಟರ್ ಇರಲಿಲ್ಲ. ಅವರಿಗೆ ಬೇಕಾಗಿಯೂ ಇರಲಿಲ್ಲ. "ಕೈಗೆ ಕಾಗದ ಕೊಟ್ರೆ ನಟ ಕೆಟ್ಟ," ಎನ್ನುವುದು ಅವರ ಸಿದ್ಧಾಂತ. ಇಲ್ಲಿ ಬರೆದ ದೃಶ್ಯವನ್ನು ಓದಿ ತಲೆಯಲ್ಲಿ ತುಂಬಿಕೊಂಡು, ಭದ್ರಾವತಿಯಲ್ಲಿ ಇಳಿದವರೇ ಅದನ್ನು ತಮ್ಮಂತೆಯೇ ನಿವೃತ್ತರಾದ ಗೆಳೆಯರಿಗೆ ಬಾಯಿಪಾಠ ಮಾಡಿಸುತ್ತಿದ್ದರು. ಅಲ್ಲಿಗೆ ಆ ದೃಶ್ಯ ಅವರ ತಲೆ ಬಿಟ್ಟು ಹೋಗುತ್ತಿತ್ತು, ಮುಂದಿನದಕ್ಕೆ ಜಾಗವಾಗಬೇಕಲ್ಲ.

ಮೊದಲ ದಿನವೇ ನಾನು ಎಚ್ಚರಿಕೆ ಕೊಟ್ಟಿದ್ದೆ. "ಮಾವ, ಪರದೆ ಮೇಲೆ ಮಾತ್ರ ಏನೂ ಹರಡಬೇಡಿ. ನಂಗೆ ತಡ್ಕೊಳ್ಳೋಕಾಗಲ್ಲ."

"ಆಯ್ತು ಅಳಿಯಂದ್ರೇ. ಇಲ್ಲೊಬ್ಬ ಬಂದು ಕೂತಿದ್ದ ಅಂತಾನೇ ನಿಮಗೆ ಗೊತ್ತಾಗಬಾರ್ದು, ಹಾಗೆ ಎತ್ತಿಟ್ಟು ಹೋಗ್ತೀನಿ," ಎಂದಿದ್ದರು.

ಮಾತಿಗೆ ತಪ್ಪಲಿಲ್ಲ. ಅವರು ಎದ್ದು ಹೋದ ಮೇಲೆ ಪರದೆ ಕನ್ನಡಿಯಂತಿರುತ್ತಿತ್ತು. ಕುಲುಮೆಯ ಮನುಷ್ಯನಿಗೂ ಶಿಸ್ತು ಕಲಿಸಿದೆನಲ್ಲ ಎಂದು ನಾನು ಬೀಗಿದೆ.

ಹಬ್ಬ ಹತ್ತಿರ ಬರುವ ಹೊತ್ತಿಗೆ ಯಂತ್ರ ತೀರಾ ಮೊಂಡು ಬಿತ್ತು. "ಇದು ಏಳೋಷ್ಟರಲ್ಲಿ ನಾನು ರವೆ ಹುರಿದು ಉಪ್ಪಿಟ್ಟೇ ಮಾಡ್ಕೊಂಡು ಬರ್ತೀನಿ," ಎಂದಳು ವಿಶಾಲು. ಜಾಗ ಮುಗಿಯಿತು ಎಂದು ಅದೇ ಬಾಯಿಬಿಟ್ಟು ಹೇಳಿದಾಗ, ಒಂದು ಶನಿವಾರ ಮಧ್ಯಾಹ್ನ ನಾನು ಟವೆಲು ಬಿಗಿದು ಕೂತೆ. ತಾತ್ಕಾಲಿಕ ಕಡತಗಳ ಗುಂಪು ತೆರೆದರೆ ಹುತ್ತಕ್ಕೆ ಕೈ ಹಾಕಿದ ಹಾಗಾಯಿತು. ಒಂದೊಂದರ ಹೆಸರಿನ ಮುಂದೂ ಮರಿಹಾವಿನಂಥ ಡೊಂಕು ಗೆರೆ. ಎಲ್ಲವನ್ನೂ ಬಡಿದೆ. ಎದುರು ಮನೆಯವರು ಬಂದಾಗಲೆಲ್ಲ ತುಂಬಿ ಹೋಗಿದ್ದ ಇಸ್ಪೀಟಿನ ಆಟಗಳು, ಯಾರದೋ ಮದುವೆಯಲ್ಲಿ ಯಾರದೋ ಬೆನ್ನು ಕಾಣುವ ಫೋಟೋಗಳು, ಎಲ್ಲವೂ ಹೋದವು. ಷಡ್ಡಕರು ತಂದು ಹಾಕಿದ್ದ ಮಿಣಮಿಣ ದೇವರ ಚಿತ್ರವೊಂದಿತ್ತು. ಅದರ ಮೇಲೆ ಕೈ ಇಟ್ಟದ್ದೇ ತಡ, "ದೇವರನ್ನ ಕಸದ ಬುಟ್ಟಿಗೆ ಹಾಕ್ತೀರಾ? ಹಬ್ಬ ಎದುರಿಗಿಟ್ಕೊಂಡು?" ಎಂದು ವಿಶಾಲು ಸೌಟು ಹಿಡಿದು ಬಂದಳು. ದೇವರು ಉಳಿದ.

ಕೊನೆಗೆ ಉಳಿದದ್ದು ಪರದೆಯ ಮೂಲೆಯ ಕಸದ ಬುಟ್ಟಿ. ಅದರಲ್ಲಿ ನಾನು ಹಾಕಿದ ಕಸದ ಜೊತೆಗೆ ಯಾರೋ ಕೀಲಿಮಣೆಯ ಮೇಲೆ ಮೊಣಕೈ ಊರಿದಂಥ ಹೆಸರಿನ ಕೆಲವು ಕಡತಗಳು ಕಂಡವು. ನಾನೇನೂ ಕಣ್ಣು ಮುಚ್ಚಿ ಸುಡುವವನಲ್ಲ. ಒಂದನ್ನು ಹೊರಗೆ ತೆಗೆದು ತೆರೆದು ನೋಡಿದೆ. ತಲೆಬುಡವಿಲ್ಲದ ಇಂಗ್ಲಿಷ್ ಅಕ್ಷರಗಳು, ಕೆಲವಕ್ಕೆ ಕೊಂಬು, ಕೆಲವಕ್ಕೆ ಬಾಲ. ಕನ್ನಡದ ಅಕ್ಷರಶೈಲಿ ಆರಿಸದೆ ತೆರೆದರೆ ಆ ಕಾಲದಲ್ಲಿ ಕನ್ನಡವೆಲ್ಲ ಹೀಗೇ ಕೊಂಬು ಬಾಲ ಬಂದು ಕಾಣುತ್ತಿತ್ತು ಎಂದು ದುರ್ಗಿಗುಡಿಯಲ್ಲಿ ಹೇಳಿಕೊಟ್ಟಿದ್ದರು. ಆ ದಿನ ನನಗೆ ಅದು ನೆನಪಾಗಬೇಕಲ್ಲ! ಯಂತ್ರಕ್ಕೆ ಜ್ವರ ಬಂದು ಬಡಬಡಿಸಿದೆ ಎಂದುಕೊಂಡು ಮರಳಿ ಬುಟ್ಟಿಗೇ ಎಸೆದೆ. ಕಸ ಗುಡ್ಡೆ ಹಾಕುವಾಗ ಒಂದು ಮಾತು ಕೇಳದ ಯಂತ್ರ, ಬುಟ್ಟಿ ಬರಿದು ಮಾಡುವಾಗ ಮಾತ್ರ 'ನಿಜವಾಗಿಯೂ ಅಳಿಸಲೇ?' ಎಂದು ಸಜ್ಜನನಂತೆ ಕೇಳಿತು. "ಹೂಂ ಅಂದ್ನಲ್ಲ!" ಎಂದು ಗದರಿ ಒತ್ತಿದೆ. ಕಾಗದ ಮುದುಡಿದಂಥ ಸದ್ದಾಯಿತು. ಆಮೇಲೆ ಯಂತ್ರ ಚಿಗರೆಯ ಹಾಗೆ ಓಡಿತು.

ಸೋಮವಾರ ಮಾವನವರು ಬಂದು ಕೂತರು. ಎಷ್ಟು ಹೊತ್ತಾದರೂ ಕೀಲಿಯ ಸದ್ದಿಲ್ಲ. ಕೊನೆಗೆ ಮೆಲ್ಲಗೆ ಕರೆದರು. "ಅಳಿಯಂದ್ರೇ, ಈ ಬುಟ್ಟಿ ಖಾಲಿ ಇದೆಯಲ್ಲ?"

"ಹೂಂ ಮಾವ, ಶನಿವಾರ ನಾನೇ ತೊಳೆದು ಇಟ್ಟೆ," ಎಂದೆ ಹೆಮ್ಮೆಯಿಂದ.

"ನಮ್ಮ ನಾಟಕ ಅದರಲ್ಲಿತ್ತು."

ಒಲೆಯ ಮೇಲೆ ಹಾಲಿಟ್ಟಿದ್ದ ವಿಶಾಲು ಹಾಲು ಬಿಟ್ಟು ಓಡಿ ಬಂದಳು. "ಕಸದ ಬುಟ್ಟೀಲಿ ಯಾಕೆ ಇಟ್ರಿ ಅಪ್ಪಾ?"

"ಮತ್ತೆಲ್ಲಿಡ್ಲಿ ಮಗಾ? ಮಗಳನ್ನ ಕೊಟ್ಟ ಮನೆ. ನಮ್ಮ ಸಾಮಾನು ಹರಡಿ ಹೋದ್ರೆ ಚೆನ್ನಾಗಿರುತ್ತಾ? ಆ ಬುಟ್ಟಿ ಪಾಪ ಒಂದು ಮೂಲೇಲಿತ್ತು. ಹೋಗೋವಾಗ ಅದಕ್ಕೆ ಹಾಕೋದು, ಬಂದಾಗ ತಗೊಳ್ಳೋದು."

ನಾನು ಬಾಗಿಲ ಕಡೆ ನೋಡಿದೆ. ಅವರ ಕೈಚೀಲ ಎಂದಿನಂತೆ ಹೊಸಿಲ ಪಕ್ಕ, ಚಪ್ಪಲಿಯ ಹತ್ತಿರವೇ ಒರಗಿತ್ತು. ಅದು ನಡುಮನೆಗೆ ಬಂದದ್ದನ್ನು ನಾನು ಒಂದು ದಿನವೂ ಕಂಡಿರಲಿಲ್ಲ. ಅವರು ಬೈಯಲಿಲ್ಲ. "ಹೋಗ್ಲಿ ಬಿಡಿ, ನಿಮಗೇನು ಗೊತ್ತಿತ್ತು," ಎಂದು ಕಾಫಿ ಕುಡಿದು ಲೋಟವನ್ನು ತಾವೇ ತೊಳೆದಿಟ್ಟು ಹೊರಟರು. ಬೈದಿದ್ದರೆ ನನಗೆ ರಾತ್ರಿ ಊಟ ಸೇರುತ್ತಿತ್ತು.

ಉಪಾಯ ಹೊಳೆದದ್ದು ವಿಶಾಲುವಿಗೆ. "ಇನ್ನೂ ಕಲಿಸದ ಕೊನೇ ದೃಶ್ಯ ಬಿಟ್ಟು ಉಳಿದದ್ದೆಲ್ಲ ಆಡೋರ ಬಾಯಲ್ಲಿದೆ ತಾನೆ? ಬಂದು ಹೇಳ್ಲಿ, ಹಿಂದಿನದು ಕೇಳ್ದೆ ಅಪ್ಪ ಕೊನೇದು ಹೇಗೆ ಬರೀತಾರೆ? ನೀವು ಕೂತು ಟೈಪ್ ಮಾಡಿ. ಅಪ್ಪ ಒಂದು ಬೆರಳಲ್ಲಿ ಮಾಡಿದ್ದನ್ನ ನೀವು ಹತ್ತರಲ್ಲಿ ಮಾಡೋಕೆ ಏನು ರೋಗ?"

ಭಾನುವಾರ ಭದ್ರಾವತಿಯ ಬಸ್ಸಿನಿಂದ ರಾಜ ಬಸಣ್ಣ, ರಾಣಿ ಮುರುಗೇಶ, ದ್ವಾರಪಾಲಕ ಸಿದ್ದಪ್ಪ ಮೊದಲಾಗಿ ಇಡೀ ರಾಜ್ಯ ಇಳಿದು ಬಂತು. ರಾಣಿಗೆ ಗಿರಿಜಾ ಮೀಸೆ. ನಾಟಕದ ದಿನ ಬೆಳಿಗ್ಗೆಯ ತನಕ ಅದನ್ನು ಬೋಳಿಸುವುದಿಲ್ಲ ಎಂದು ಶಪಥವಂತೆ. ಮೂಲ ನಾಟಕದಲ್ಲಿ ದ್ವಾರಪಾಲಕ 'ಮಹಾಪ್ರಭುಗಳಿಗೆ ಜಯವಾಗಲಿ' ಎಂದಷ್ಟೇ ಹೇಳಿ ಹೋಗುತ್ತಾನೆ ಎನ್ನುವುದು ನನಗೂ ಗೊತ್ತಿತ್ತು. ಸಿದ್ದಪ್ಪ ಎದ್ದು ನಿಂತು ಬಾಗಿಲಿನ ಮಹಿಮೆ, ಬಾಗಿಲು ಕಾಯುವ ವಂಶದ ಮಹಿಮೆ ಎಲ್ಲವನ್ನೂ ಹೇಳಿ, ನಡುವೆ ಒಂದು ಹಾಡನ್ನೂ ಹಾಡಿದ.

"ಏ ಸಿದ್ದಪ್ಪ, ಸುಮ್ನಿರೋ ಮಾರಾಯ! ನೀನು ಇಷ್ಟು ಮಾತಾಡೋಷ್ಟರಲ್ಲಿ ಶತ್ರು ಒಳಗೆ ಬಂದು ಉಂಡು ಕೈ ತೊಳ್ಕೊಂಡಿರ್ತಾನೆ," ಎಂದ ರಾಜ ಬಸಣ್ಣ.

"ಇದು ನಾಟಕದಲ್ಲಿ ಇರ್ಲಿಲ್ಲ ಅಂತ ತೋರ್ಸು ನೋಡಣ. ಅಳಿಸಿದ್ದು ನಾನಾ? ಅಗೋ, ಅವ್ರನ್ನ ಕೇಳು," ಎಂದ ಸಿದ್ದಪ್ಪ.

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಾಡನ್ನೂ ಟೈಪ್ ಮಾಡಿದೆ. ಆಮೇಲೆ ಯಾರಿಗೂ ಲಗಾಮಿಲ್ಲ. ರಾಜನ ಯುದ್ಧ ಎರಡಾಯಿತು. ಒಂದೇ ಏಟಿಗೆ ಸಾಯಬೇಕಾಗಿದ್ದ ಸೇನಾಪತಿ ಸತ್ತು, ಎದ್ದು, ಕ್ಷಮೆ ಕೇಳಿ ಮತ್ತೆ ಸತ್ತ.

"ಸಾರ್, ಇಲ್ಲಿ ರಾಣಿ ಅಳ್ತಾಳೆ ಸಾರ್. ಬರ್ಕೊಳ್ಳಿ," ಎಂದ ಮುರುಗೇಶ.

"ಎಷ್ಟು ಹೊತ್ತು?"

"ಜನ ಅಳೋವರ್ಗೂ ಸಾರ್."

ಮಾವನವರು ಮೂಲೆಯಲ್ಲಿ ಕಣ್ಣು ಮುಚ್ಚಿ ಕೇಳುತ್ತಿದ್ದರು. ನಡುನಡುವೆ "ಇದು ನಾನು ಬರೆದದ್ದಲ್ಲ," ಎನ್ನುವರು. ಒಂದು ಗಳಿಗೆ ಬಿಟ್ಟು "ಇರ್ಲಿ, ಚೆನ್ನಾಗಿದೆ," ಎನ್ನುವರು. ವಿಶಾಲು ಮತ್ತೆ ಮತ್ತೆ ಕಾಫಿ ಸೋಸುತ್ತ, "ಬೇಡದ್ದನ್ನ ತೆಗೀತೀನಿ ಅಂತ ಹೊರಟ್ರಿ, ಮನೆ ತುಂಬ ರಾಜರು ಬಂದು ಕೂತ್ರು," ಎಂದು ನನ್ನ ಕಿವಿಯಲ್ಲಿ ಹೇಳಿ ಹೋದಳು.

ಕೊನೆಯ ದೃಶ್ಯವನ್ನು ಮಾವನವರೇ ಹೊಸದಾಗಿ ಬರೆದರು. ಬರೆದು ನನ್ನನ್ನು ಕರೆದು ಓದಿಸಿದರು. ಅದರಲ್ಲಿ ಹಿಂದೆಂದೂ ಇಲ್ಲದಿದ್ದ ಒಬ್ಬ ಮಂತ್ರಿ ಹುಟ್ಟಿಕೊಂಡಿದ್ದ. ಗೆದ್ದು ಬಂದ ರಾಜ ತನ್ನ ರಾಜಮುದ್ರೆ ಎಲ್ಲಿ ಎಂದು ಕೇಳಿದರೆ ಮಂತ್ರಿ, "ಧೂಳು ಹಿಡಿದಿತ್ತು ಪ್ರಭೂ, ಹೊಳೆಗೆ ಎಸೆದೆ," ಎನ್ನುತ್ತಾನೆ. ಕಿರೀಟ? "ಬಹಳ ದಿನದಿಂದ ಒಂದೇ ಕಡೆ ಬಿದ್ದಿತ್ತು ಪ್ರಭೂ." ರಾಣಿ? "ಬೇಕೋ ಬೇಡವೋ ಎಂದು ಕೇಳಿದೆ ಪ್ರಭೂ, ಯಾರೂ ಉತ್ತರ ಕೊಡಲಿಲ್ಲ."

"ಈ ಪಾತ್ರಕ್ಕೆ ನಮ್ಮ ತಂಡದಲ್ಲಿ ಯಾರೂ ಒಗ್ಗಲ್ಲ ಅಳಿಯಂದ್ರೇ," ಎಂದರು, ಮುಖದಲ್ಲಿ ಒಂದು ಗೆರೆ ಕೂಡ ಅಲ್ಲಾಡಿಸದೆ.

"ನಂಗೆ ಅಭಿನಯ ಬರಲ್ಲ ಮಾವ."

"ಅಭಿನಯ ಯಾಕೆ? ಮನೇಲಿ ಇರೋ ಹಾಗೆ ಇದ್ರೆ ಸಾಕು."

ಇದ್ದೆ. ಕಾಲೋನಿಯ ಚಪ್ಪರದ ಕೆಳಗೆ ಜನ ಹೊಟ್ಟೆ ಹಿಡಿದುಕೊಂಡು ನಕ್ಕರು. ವಿಶಾಲು ಮೊದಲ ಸಾಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು. ಕಿರೀಟದ ಮಾತು ಹೇಳುತ್ತ ಪಕ್ಕಕ್ಕೆ ತಿರುಗಿದಾಗ ರಂಗದ ಪರದೆಯ ಮರೆಯಲ್ಲಿ ಮಾವನವರು ಕಂಡರು. ನಾವು ಆಡುವ ಒಂದೊಂದು ಮಾತಿಗೂ ಅವರ ತುಟಿ ಅಲುಗುತ್ತಿತ್ತು. ಸಿದ್ದಪ್ಪ ಸೇರಿಸಿದ್ದೋ ಮುರುಗೇಶ ಸೇರಿಸಿದ್ದೋ ತಾವು ಬರೆದದ್ದೋ ಎಂಬ ಭೇದವಿಲ್ಲದೆ, ಎಲ್ಲ ಮಾತಿಗೂ. ನನಗೆ ಮುಂದಿನ ಮಾತು ಮರೆತುಹೋಯಿತು. ಜನ ಅದನ್ನೂ ಅಭಿನಯ ಎಂದುಕೊಂಡು ಚಪ್ಪಾಳೆ ತಟ್ಟಿದರು.

ಹಬ್ಬ ಮುಗಿದ ಮೇಲೆ ಮಾವನವರು ಎರಡನೆಯ ನಾಟಕಕ್ಕೆ ಕೈ ಹಾಕಿದರು. "ಮಾವ, ಇಡೀ ಪರದೆ ನಿಮ್ಮದು, ಎಲ್ಲಿ ಬೇಕಾದ್ರೂ ಹರಡಿ," ಎಂದು ನಾನು ಉದಾರವಾಗಿ ಅಪ್ಪಣೆ ಕೊಟ್ಟೆ. ಆದರೂ ಅವರು ಎದ್ದು ಹೋದಾಗ ಪರದೆ ಮೊದಲಿನಂತೆಯೇ ಫಳಫಳ. ಅನುಮಾನದಿಂದ ಬುಟ್ಟಿ ಇಣುಕಿ ನೋಡಿದರೆ ಮೊಣಕೈ ಊರಿದ ಹೆಸರುಗಳು ಸಾಲಾಗಿ ಕೂತಿದ್ದವು.

"ಮತ್ತೆ ಬುಟ್ಟೀಲೇ ಇಟ್ಟಿದ್ದೀರಲ್ಲ ಮಾವ!"

"ಇನ್ನೆಲ್ಲಿಡ್ಲಿ? ಬೇರೆ ಕಡೆ ಇಟ್ರೆ ಯಾವತ್ತು ನಿಮಗೆ ಗುಡಿಸೋ ಮನಸ್ಸು ಬರುತ್ತೋ. ಆ ಬುಟ್ಟಿ ತಂಟೆಗೆ ಮಾತ್ರ ಇನ್ನು ಈ ಜನ್ಮದಲ್ಲಿ ನೀವು ಹೋಗಲ್ಲ."

ಹೋಗಿಲ್ಲ. ವಿಷಯ ತಿಳಿದು ವಿಶಾಲು ತನ್ನ ಮೈಸೂರು ಪ್ರವಾಸದ ಫೋಟೋಗಳನ್ನೆಲ್ಲ ಅಲ್ಲಿಗೇ ಸಾಗಿಸಿದಳು. ಷಡ್ಡಕರ ದೇವರೂ ಈಗ ಅಲ್ಲೇ ಮಿಣುಕುತ್ತಿದ್ದಾನೆ, ಅವಳೇ ಕೈಯಾರೆ ಇಟ್ಟದ್ದು. ಬುಟ್ಟಿ ಉಬ್ಬಿದೆ, ಯಂತ್ರ ಮತ್ತೆ ಉಪ್ಪಿಟ್ಟಿನ ವೇಗಕ್ಕೆ ಇಳಿದಿದೆ. ಪರದೆಯ ಮೇಲೆ ಮಾತ್ರ ಒಂದು ಕಣ ಧೂಳಿಲ್ಲ. ಈ ಪ್ರಬಂಧವನ್ನು ಅದರಲ್ಲೇ ಕುಟ್ಟಿ ಮುಗಿಸಿ, ಎಲ್ಲಿಡುವುದೆಂದು ಸ್ವಲ್ಪ ಹೊತ್ತು ಯೋಚಿಸಿದೆ. ಹಿಂದೆ ವಿಶಾಲು ನಿಂತಿಲ್ಲವಷ್ಟೇ ಎಂದು ತಿರುಗಿ ನೋಡಿಕೊಂಡು, ನಾನೂ ಬುಟ್ಟಿಗೆ ಹಾಕಿದೆ.