ಹೊತ್ತು ಮುಳುಗಿದ ಮೇಲೆ ಊಟವಿಲ್ಲದ ಟ್ಯಾಂಕು

ನನಗೆ ಗಾಬರಿ ಹುಟ್ಟಿಸಲು ನಮ್ಮ ಕಾರ್ಖಾನೆಯಲ್ಲಿ ಸರದಿ ಹಚ್ಚಿ ನಿಲ್ಲುತ್ತಾರೋ ಏನೋ, ಒಂದು ವಾರವೂ ನೆಮ್ಮದಿಯಾಗಿ ಹೋದದ್ದಿಲ್ಲ. ಮಹಾರಾಷ್ಟ್ರದ ಇಚಲಕರಂಜಿಯ ಪಕ್ಕ ಕಬನೂರಿನಲ್ಲಿ ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆ ಅದು. ಕೊಳೆನೀರಿನ ಟ್ಯಾಂಕು ನನ್ನ ಪಾಲಿನದು. ಅದರೊಳಗಿನ ಬ್ಯಾಕ್ಟೀರಿಯಾ ಬಣ್ಣವನ್ನು ತಿಂದು ನೀರನ್ನು ತಿಳಿಯಾಗಿಸಬೇಕು. ಆಗದಿದ್ದರೆ ಸರಕಾರದವರು ಬೀಗ ಜಡಿಯುತ್ತಾರೆ.

೧. ಬೆಲ್ಲ

ಬ್ಯಾಕ್ಟೀರಿಯಾಕ್ಕೆ ಕಸುವು ಬರಲೆಂದು ಬೆಲ್ಲದ ನೀರು ಹಾಕುತ್ತೇವೆ. ಒಂದು ಸಂಜೆ ನಾನು ಕೊಲ್ಹಾಪುರದ ಬೆಲ್ಲ ಕಲಸುತ್ತಿದ್ದಾಗ ಮಾಲೀಕರ ತಾಯಿ ಬಂದರು. ಜೈನರ ಮನೆಯ ಹಿರಿಯರು, ಹೊತ್ತು ಮುಳುಗಿದ ಮೇಲೆ ಹನಿ ನೀರೂ ಮುಟ್ಟದವರು. ಬೆಲ್ಲ ಯಾರಿಗೆ ಅಂತ ಕೇಳಿದರು. ಒಳಗೆ ಕೋಟಿಗಟ್ಟಲೆ ಜೀವಗಳಿವೆ, ಅವಕ್ಕೆ ಅಂದೆ.

"ಹೊತ್ತ ಮುಳುಗೇತಿ. ನಮ್ಮ ಕಂಪೌಂಡಿನ್ಯಾಗ ಇಷ್ಟ ಜೀವಕ್ಕ ರಾತ್ರಿ ಉಣಸಾಕತ್ತೀಯೇನು?"

ನಾನು ಬಕೆಟ್ಟು ಕೆಳಗಿಟ್ಟೆ. ಎಂ.ಎಸ್ಸಿ.ಯಲ್ಲಿ ಈ ಪಾಠ ಇರಲಿಲ್ಲ.

೨. ಉಪವಾಸ

ಮಾಲೀಕರ ಹತ್ತಿರ ಓಡಿದೆ. ಅವರು ಅವ್ವನ ಮಾತು ಮೀರಿದವರಲ್ಲ. ಸಂಜೆಯ ಬೆಲ್ಲ ನಿಂತಿತು. ನಾಲ್ಕೇ ದಿನದಲ್ಲಿ ಟ್ಯಾಂಕಿನಿಂದ ಕೆಂಪು ನೀರು ಹೊರಬಿತ್ತು. ತಪಾಸಣೆಯ ಅಧಿಕಾರಿ ಸೋಮವಾರ ಬರುವವರಿದ್ದರು. ಜೀವಗಳು ಉಪವಾಸ ಸಾಯುತ್ತಿವೆ ಎಂದು ಅವ್ವನ ಮುಂದೆ ಕೈಮುಗಿದೆ. ಅವರ ಮುಖ ನನ್ನ ಮುಖಕ್ಕಿಂತ ಬಿಳಿಚಿತು.

"ಮೊದಲ ಹೇಳಬಾರದೇನಪಾ? ಹಗಲಾಗ ಎರಡ ಪಾಲ ಹಾಕು."

ಮರುದಿನ ಟ್ಯಾಂಕಿನ ಪಕ್ಕ ಕುರ್ಚಿ ಹಾಕಿಸಿಕೊಂಡು ತಾವೇ ಕೂತರು. ಸಂಕೋಚ ಮಾಡಬೇಡಿ, ಹೊಟ್ಟೆ ತುಂಬ ಉಣ್ಣಿ ಎಂದು ಬ್ಯಾಕ್ಟೀರಿಯಾಕ್ಕೆ ಬೀಗರಿಗೆ ಮಾಡುವ ಹಾಗೆ ಒತ್ತಾಯ ಮಾಡಿದರು.

೩. ಅಧಿಕಾರಿ

ಸೋಮವಾರ ನೀರು ತಿಳಿಯಾಗಿತ್ತು. ಅಧಿಕಾರಿ ಸೀಸೆ ಎತ್ತಿ ಬೆಳಕಿಗೆ ಹಿಡಿದು ಮರಾಠಿಯಲ್ಲಿ ಹೊಗಳಿದರು. ಬರೀ ಬೆಲ್ಲದಿಂದ ಇಷ್ಟಾಯಿತೇ ಎಂದು ಕೇಳಿದರು. ನನಗೆ ಎಲ್ಲಿಲ್ಲದ ಹುರುಪು. ಬೆಲ್ಲ ಕಸುವಿಗೆ ಅಷ್ಟೇ, ನಿಜವಾದ ಊಟ ಬಣ್ಣದ ನೀರು, ಹಗಲೂ ರಾತ್ರಿ ತಿನ್ನುತ್ತಲೇ ಇರುತ್ತವೆ ಎಂದು ವಿವರಿಸಿದೆ. ಅವ್ವ ನನ್ನ ಬೆನ್ನ ಹಿಂದೆಯೇ ಇದ್ದರು.

"ಅಂದ್ರ ರಾತ್ರಿ ಪಾಳಿಯವ್ರು ಬಿಡೂ ನೀರೂ ಊಟನ ಅಲ್ಲೇನು?"

ಮಾಲೀಕರು ನನ್ನನ್ನೇ ನೋಡುತ್ತಿದ್ದರು.

ಅಧಿಕಾರಿ ನಾವು ಪಾಸೆಂದು ಸಹಿ ಹಾಕಿ ಹೋದರು. ಸರಕಾರ ಹಾಕದ ಬೀಗವನ್ನು ಅಂದೇ ಸಂಜೆ ಆರಕ್ಕೆ ಅವ್ವ ಹಾಕಿದರು. ರಾತ್ರಿ ಪಾಳಿ ಬಂದ್. ಗೇಟಿನ ಹೊರಗೆ ಪೆಚ್ಚಾಗಿ ನಿಂತಿದ್ದ ನನ್ನನ್ನು ಕರೆದು ಸಮಾಧಾನ ಹೇಳಿದರು:

"ಲಗೂನ ಹೋಗಪಾ. ಇನ್ನೂ ಬೆಳಕೈತಿ, ನೀನರೆ ಉಣ್ಣು."