ಬೇಟೆಗಾರರ ಚೀಲ ಹೊತ್ತು ವೀರಗಲ್ಲಿಗೆ

ಮಾಘ ಬಹುಳ ತದಿಗೆ, ಶುಕ್ರವಾರ. ಆಧಾರ: ನಮ್ಮ ಅಡುಗೆಮನೆಯ ಗೋಡೆಯ ಕ್ಯಾಲೆಂಡರು. ಔಷಧದ ಅಂಗಡಿಯವರು ಉಚಿತವಾಗಿ ಕೊಟ್ಟ ಇನ್ನೊಂದರೊಡನೆ ತಾಳೆ ನೋಡಿದ್ದೇನೆ. ಅದರ ಪ್ರಕಾರ ಅಂದು ಬೆಳಗಿನವರೆಗೆ ಬಿದಿಗೆ ಇತ್ತು. ನಾನು ಮನೆಯಿಂದ ಹೊರಟದ್ದು ಊಟವಾದ ಮೇಲಾದ್ದರಿಂದ ಎರಡು ಆಧಾರಗಳೂ ತದಿಗೆಯನ್ನೇ ಸಮರ್ಥಿಸುತ್ತವೆ. ಒಂದು ಬೆನ್ನುಚೀಲ ಕೊಂಡ ಸಂಗತಿಗೆ ಇಷ್ಟು ಪೀಠಿಕೆ ಅಗತ್ಯವೇ ಎಂದು ವಾಚಕರು ಕೇಳಬಹುದು. ಮನುಷ್ಯನ ವಯಸ್ಸನ್ನು ಅವನ ಜಾತಕಕ್ಕಿಂತ ಅವನ ಚೀಲವೇ ನಿಖರವಾಗಿ ಹೇಳುತ್ತದೆ ಎಂಬುದು ನನ್ನ ಈಚಿನ ಸಂಶೋಧನೆ. ಎಳೆಯನಿದ್ದಾಗ ಚೀಲದಲ್ಲಿ ಏನು ಹಿಡಿಸೀತು ಎಂದು ನೋಡುತ್ತೇವೆ. ನಡುವಯಸ್ಸಿನಲ್ಲಿ ಅದು ಹೇಗೆ ಕಾಣುತ್ತದೆ ಎಂದು. ನನ್ನ ವಯಸ್ಸಿನಲ್ಲಿ, ಬರಿದಾಗಿರುವಾಗ ಅದು ಎಷ್ಟು ತೂಗುತ್ತದೆ ಎಂದು.

ನಾನು ನಿವೃತ್ತ ಸಂಶೋಧಕ. ವಾಸ ಕೊಟ್ಟೂರಿನಲ್ಲಿ. ನನ್ನ ವಿಷಯ ಬೇಟೆಯ ವೀರಗಲ್ಲು, ಅಂದರೆ ಹಂದಿಯನ್ನೋ ಹುಲಿಯನ್ನೋ ಇರಿಯಲು ಹೋಗಿ ಮಡಿದವರ ಹೆಸರಿನಲ್ಲಿ ಊರವರು ನಿಲ್ಲಿಸಿದ ಕಲ್ಲು. ಇಂಥ ಕಲ್ಲುಗಳ ಅಕ್ಷರ ಬಹುತೇಕ ಸವೆದಿರುತ್ತದೆ. ನಡುಹಗಲಿನ ಬಿಸಿಲಿನಲ್ಲಿ ನೋಡಿದರೆ ಬರಿಯ ಬಂಡೆ. ಬೆಳಗಿನ ಮೊದಲ ಬಿಸಿಲು ಪಕ್ಕದಿಂದ ಸವರಿಕೊಂಡು ಹೋಗುವ ಅಲ್ಪ ಹೊತ್ತಿನಲ್ಲಿ ಮಾತ್ರ ಪ್ರತಿಯೊಂದು ಗೆರೆಗೂ ಒಂದು ನೆರಳು ಹುಟ್ಟಿ ಅಕ್ಷರ ಎದ್ದು ಬರುತ್ತದೆ. ಮೊದಲ ಬಸ್ಸು ಹಿಡಿದು ಹೊರಟರೂ ಆ ಹೊತ್ತಿಗೆ ಮುಟ್ಟಲಾಗದು. ಹೀಗಾಗಿ ಹಿಂದಿನ ಸಂಜೆಯೇ ಹೋಗಿ ಹತ್ತಿರದ ಊರಿನಲ್ಲಿ ತಂಗಬೇಕು. ತಂಗಬೇಕೆಂದರೆ ಹೊದಿಕೆ ಬೇಕು, ನೀರು ಬೇಕು, ಬುತ್ತಿ ಬೇಕು. ಇವೆಲ್ಲಕ್ಕೂ ಚೀಲ ಬೇಕು. ಹಳೆಯ ಕ್ಯಾನ್ವಾಸ್ ಚೀಲವೇನೋ ಇತ್ತು. ಆದರೆ ಹೋದ ಮಳೆಗಾಲದಲ್ಲಿ ಅದನ್ನು ಎತ್ತಲು ಬಗ್ಗಿದವನು ಹಾಗೆಯೇ ಬಗ್ಗಿಕೊಂಡು ವೈದ್ಯರ ಬಳಿ ಹೋಗಬೇಕಾಯಿತು. ಮನೆಯವರು ಬಾಗಿಲಲ್ಲಿ ನಿಂತು, "ಯಾರಿಗ್ರಿ ನಮಸ್ಕಾರ ಮಾಡ್ಕೋತ ಹೊಂಟೀರಿ?" ಎಂದು ಕೇಳಿದ್ದರು.

ಮನೆಯವರ ಹೆಸರು ಕೊಟ್ರಮ್ಮ. ಬೆನ್ನು ನೆಟ್ಟಗಾದ ಮೇಲೆ ನಾನು ಕೂಡ್ಲಿಗಿ ಕಡೆಯ ಗುಡ್ಡವೊಂದರ ಕಲ್ಲಿನ ಪ್ರಸ್ತಾಪ ತೆಗೆದಾಗ ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಸಮಾಧಾನಪಡಿಸಬಹುದಿತ್ತು. ಅವರು ಷರತ್ತು ಹಾಕಿದರು.

"ಹೋಗ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ನಿಮ್ಮ ಚೀಲ ನೀವ ಹೊತ್ಕಂಡು ಗುಡ್ಡ ಹತ್ತಬೇಕು, ನೀವ ಹೊತ್ಕಂಡು ಇಳೀಬೇಕು. ನಡುವ ಯಾರ ಹೆಗಲಿಗರ ದಾಟಿಸಿದ್ರೋ, ಅವತ್ತಿಗೆ ನಿಮ್ಮ ಕಲ್ಲಿನ ಬ್ಯಾಟಿ ಬಂದ್. ಆಮ್ಯಾಲೆ ಮನ್ಯಾಗ ಕುಂತು ಒಳ್ಳುಕಲ್ಲು ಓದ್ರಿ."

"ಯಾರಿಗೂ ಕೊಡಲಿಲ್ಲ ಎಂಬುದಕ್ಕೆ ಸಾಕ್ಷಿ?" ಎಂದೆ, ವೃತ್ತಿಯ ಅಭ್ಯಾಸದಿಂದ.

"ನಾನ ಬರ್ತೀನಲ್ಲ."

ಅಲ್ಲಿಂದಾಚೆಗೆ ಪ್ರಶ್ನೆ ಬರಿಯ ಚೀಲದ್ದಾಗಿ ಉಳಿಯಲಿಲ್ಲ. ನನ್ನ ಉಳಿದ ಆಯುಷ್ಯದ ಮುಂಜಾವುಗಳೆಲ್ಲ ಅದರ ಪಟ್ಟಿಗೆ ತೂಗುಬಿದ್ದಿದ್ದವು. ಆದ್ದರಿಂದಲೇ ನಾನು ಕೊಟ್ಟೂರಿನಲ್ಲಿ ಮೊದಲು ಕಂಡ ಚೀಲವನ್ನು ಕೊಳ್ಳದೆ, ಹಗರಿಬೊಮ್ಮನಹಳ್ಳಿಯಲ್ಲಿ ವಿಚಾರಿಸಿ, ಕೊನೆಗೆ ಆ ಶುಕ್ರವಾರ ಹರಪನಹಳ್ಳಿಯ ಅಂಗಡಿಯೊಂದನ್ನು ಹೊಕ್ಕದ್ದು.

ಅಂಗಡಿಯವನು ಒಂದು ಚೀಲವನ್ನು ಕೊಕ್ಕೆಯಿಂದ ಇಳಿಸಿ ಎರಡು ಬೆರಳಿನಲ್ಲಿ ತೂಗಾಡಿಸಿದ. "ತಗಳ್ರಿ ಸಾರ್, ಹಡಗಲಿ ಮಲ್ಲಿಗೆ ಇದ್ದಂಗೈತೆ."

"ಮೊಗ್ಗೋ ಮಾಲೆಯೋ?" ಎಂದೆ. ಹೋಲಿಕೆಗಳಲ್ಲಿ ಪರಿಮಾಣ ಸ್ಪಷ್ಟವಾಗಿರಬೇಕು. ಅವನಿಗೆ ಅದು ಹಿಡಿಸಿದಂತೆ ಕಾಣಲಿಲ್ಲ. ಚೀಲ ಉಬ್ಬಿ ಕಾಣಲೆಂದು ಒಳಗೆ ಹಳೆಯ ಪತ್ರಿಕೆಗಳನ್ನು ತುರುಕಿದ್ದರು. ಬರಿದು ಚೀಲದ ತೂಕ ತಿಳಿಯಲು ಅವನ್ನು ತೆಗೆಯಲೇಬೇಕಷ್ಟೆ? ತೆಗೆದೆ. ತೆಗೆದ ಮೇಲೆ ಬಿಡಿಸದಿರಲು ನನ್ನಿಂದಾಗಲಿಲ್ಲ. ದಿನಾಂಕದ ಭಾಗ ಹರಿದುಹೋಗಿತ್ತು. ಆದರೆ ಪಂಚಾಂಗದ ಮೂಲೆ ಉಳಿದಿತ್ತು: ಅಧಿಕ ಶ್ರಾವಣ. ನನ್ನ ಕಣ್ಣು ಅರಳಿತು. ಶ್ರಾವಣ ಅಧಿಕವಾಗಿ ಬಂದದ್ದು ಎರಡು ಸಾವಿರದ ಇಪ್ಪತ್ತಮೂರರಲ್ಲಿ. ಅದಕ್ಕೆ ಹಿಂದೆ ಬಂದದ್ದು ಹತ್ತೊಂಬತ್ತು ವರ್ಷ ಮೊದಲು. ಕಾಗದ ಅಷ್ಟೇನೂ ಹಳದಿಯಾಗಿರಲಿಲ್ಲ. "ಹಾಗಾದರೆ ಈ ಕಾಗದವನ್ನು ಇದರಲ್ಲಿ ತುರುಕಿದ್ದು ಇಪ್ಪತ್ತಮೂರಕ್ಕಿಂತ ಮೊದಲಿರಲಾರದು. ಆದರೆ ಚೀಲ ಅದಕ್ಕಿಂತ ಹಳೆಯದಿರಬಹುದು. ಅಲ್ಲವೇ?" ಎಂದು ವಿವರಿಸಿದೆ.

"ಸಾರ್, ನೀವು ಚೀಲ ತಗಳಾಕೆ ಬಂದೀರೋ, ಪೇಪರ್ ಓದಾಕೆ ಬಂದೀರೋ? ಓದಾದಾದ್ರೆ ಒಳಗೆ ಕುರ್ಚಿ ಐತೆ, ಕುಂದುರ್ರಿ."

ನಾನು ಕುಳಿತೆ. ಅವನು ಅದನ್ನು ನಿರೀಕ್ಷಿಸಿರಲಿಲ್ಲವೆಂದು ತೋರುತ್ತದೆ. ಆರೇಳು ಚೀಲಗಳ ಹೊಟ್ಟೆ ಬಗೆದ ಮೇಲೆ ಪಕ್ಕದ ಶೇಂಗಾ ವ್ಯಾಪಾರಿಯ ತಕ್ಕಡಿಯಲ್ಲಿ ಒಂದೊಂದನ್ನೇ ತೂಗಿಸಿದೆ. ಎಲ್ಲಕ್ಕಿಂತ ಹಗುರವಾದದ್ದು ಒಣಗಿದ ಎಲೆ, ಹಸಿರು ಎಲೆಗಳ ಮಚ್ಚೆಮಚ್ಚೆಯ ಬಣ್ಣದ್ದು. ಅದಕ್ಕೆ ಕಟ್ಟಿದ್ದ ಇಂಗ್ಲಿಷ್ ಚೀಟಿಯಲ್ಲಿ, ಬೇಟೆಗೆ ಹೋಗಿ ಕಾಡಿನಲ್ಲಿ ಒಂದು ರಾತ್ರಿ ತಂಗುವವರಿಗೆಂದೇ ಇದನ್ನು ಮಾಡಿದ್ದಾರೆಂದು ಬರೆದಿತ್ತು. ಯಾವ ದೇಶದ ಬೇಟೆಗಾರರಿಗೋ ತಿಳಿಯದು. ಪಕ್ಕದಲ್ಲಿದ್ದ ಉದ್ದನೆಯ ಪಟ್ಟಿ ಯಾತಕ್ಕೆಂದು ಕೇಳಿದರೆ ಅಂಗಡಿಯವನು, "ಬಂದೂಕು ಸಿಗ್ಸಾಕೆ. ನೀವು ಕೊಡೆ ಸಿಗಿಸ್ಕಳ್ರಿ. ಈಗ ಇವನ್ನೆಲ್ಲ ಮತ್ತೆ ತುಂಬೋರ್ಯಾರು?" ಎಂದ. ತುಂಬಿಕೊಟ್ಟೆ. ಪತ್ರಿಕೆಗಳನ್ನು ಕಾಲಾನುಕ್ರಮದಲ್ಲಿ ತುಂಬಿದೆನೆಂಬುದನ್ನು ಅವನು ಇನ್ನೂ ಗಮನಿಸಿರಲಾರ.

ಕೊಟ್ರಮ್ಮ ಚೀಲವನ್ನು ತಿರುಗಿಸಿ ಮುರುಗಿಸಿ ನೋಡಿದರು. "ಹಗುರೇನೋ ಐತಿ. ಆದ್ರ ಇದನ್ನ ಹಾಕ್ಕೊಂಡು ಕರಡಿ ಇರೋ ಗುಡ್ಡಕ್ಕ ಹೋದ್ರ ಫಾರೆಸ್ಟ್‌ನೋರು ಕುಂಡ್ರಿಸಿ ಕೇಳ್ತಾರ ನೋಡ್ರಿ."

ಹಗುರ ಚೀಲದ ದೋಷವೊಂದನ್ನು ಯಾವ ಚೀಟಿಯಲ್ಲೂ ಬರೆದಿರುವುದಿಲ್ಲ. ಉಳಿದ ತೂಕಕ್ಕೆ ಇನ್ನೇನನ್ನು ಹಾಕಬಹುದು ಎಂಬ ಆಸೆಯನ್ನು ಅದು ಹುಟ್ಟಿಸುತ್ತದೆ. ಮೆತ್ತನೆಯ ಕುಂಚ, ನೀರು, ಟಾರ್ಚು, ಹೊದಿಕೆ, ನೆರಳಿನಲ್ಲಿರುವ ಕಲ್ಲಿಗೆ ಬಿಸಿಲು ತಿರುಗಿಸುವ ಕೈಗನ್ನಡಿ, ಇವು ಅನಿವಾರ್ಯ. ಇವುಗಳ ಮೇಲೆ, ಶಾಸನದ ತಿಥಿವಾರಗಳನ್ನು ತಾಳೆ ನೋಡುವ ಕೋಷ್ಟಕಗಳ ನೆರಳಚ್ಚು ಪ್ರತಿಗಳನ್ನೂ ಇಟ್ಟೆ. ಮನೆಗೆ ಬಂದು ತಾಳೆ ನೋಡಿದರಾಗದೇ ಎಂದು ಕೊಟ್ರಮ್ಮ ಕೇಳಿದರು. ಕಲ್ಲಿನ ಮುಂದೆ ಅನುಮಾನ ಬಂದರೆ ಅದನ್ನು ಕೊಟ್ಟೂರಿನವರೆಗೆ ಇಟ್ಟುಕೊಂಡು ಬರುವ ಶಕ್ತಿ ನನಗಿಲ್ಲ ಎಂದೆ. ಅವರು ತಮ್ಮ ಕೈಚೀಲದಲ್ಲಿ ರೊಟ್ಟಿ, ಶೇಂಗಾ ಚಟ್ನಿ ಮತ್ತು ಒಂದು ಶಾಲು ಇಟ್ಟುಕೊಂಡು ಅರೆಗಳಿಗೆಯಲ್ಲಿ ಸಿದ್ಧರಾದರು.

ಗುಡ್ಡದ ಬುಡದ ಊರಿನಲ್ಲಿ ಕುರಿ ಸಾಕುವ ಕುಟುಂಬವೊಂದರ ಪಡಸಾಲೆಯಲ್ಲಿ ತಂಗಿದೆವು. ಬೆಳಕು ಹರಿಯುತ್ತಲೇ ಏರತೊಡಗಿದೆವು. ಚೀಲ ನನ್ನ ಬೆನ್ನ ಮೇಲಿತ್ತು. ಹಿಂದೆ ನನ್ನ ಸಾಕ್ಷಿ ಬರುತ್ತಿದ್ದರು. ಅರ್ಧ ದಾರಿಗೆ ಬಂದಿದ್ದೆವು. ಬಂಡೆಯ ಮರೆಯಿಂದ ಅರಣ್ಯ ಇಲಾಖೆಯ ಗಾರ್ಡ್ ಒಬ್ಬ ಎದುರಾದ. ಅವನ ದೃಷ್ಟಿ ಮೊದಲು ಚೀಲದ ಮೇಲೆ, ಅನಂತರ ಬಂದೂಕಿನ ಪಟ್ಟಿಯ ಮೇಲೆ, ಕೊನೆಗೆ ನನ್ನ ಮೇಲೆ ಬಿತ್ತು.

"ಯಜಮಾನ್ರ, ಎಲ್ಲಿಗೆ ಸವಾರಿ?"

"ಬೇಟೆಯ ಕಲ್ಲು ನೋಡಲು," ಎಂದೆ. ನಿಖರವಾಗಿ ಉತ್ತರಿಸುವುದು ಯಾವಾಗಲೂ ಒಳ್ಳೆಯದಲ್ಲ.

"ಬ್ಯಾಟಿ ಅಂತ ಬಾಯಿ ಬಿಟ್ಟು ಹೇಳ್ತೀರಲ್ರಿ! ಇಳಸ್ರಿ ಚೀಲ."

ಕೊಟ್ರಮ್ಮ ಮುಂದೆ ಬಂದರು. "ತಮ್ಮಾ, ಈ ಮನುಷ್ಯಾ ಬ್ಯಾಟಿ ಆಡಿದ್ದು ಜಿರಳೀದು ಸೈತ ಇಲ್ಲಪ್ಪ. ಬಿಚ್ಚಿ ನೋಡು, ಬರೇ ಕಾಗದ ಅದಾವು."

ಚೀಲ ಇಳಿಯಿತು. ಗಾರ್ಡ್ ಕುಂಚ ತೆಗೆದ, ಕನ್ನಡಿ ತೆಗೆದ. ಮುಖ ನೋಡಿಕೊಂಡು ಮೀಸೆ ಸರಿಪಡಿಸಿಕೊಂಡ. ಕೋಷ್ಟಕಗಳನ್ನು ತಿರುವಿಹಾಕಿ, "ಇವು ಏನ್ರಿ, ಮಟ್ಕಾ ನಂಬರಾ?" ಎಂದು ಕೇಳಿದ. ಅಷ್ಟರಲ್ಲಿ ಅತ್ತ ಪೂರ್ವದಲ್ಲಿ ಕೆಂಪು ಹರಡುತ್ತಿತ್ತು. ಬಿಸಿಲು ಮೂಡಿ ಕಲ್ಲನ್ನು ಸವರಿ ಹೋಗಿಬಿಟ್ಟರೆ ಬಂದದ್ದೆಲ್ಲ ವ್ಯರ್ಥ. ನಾನು ಚಡಪಡಿಸುವುದನ್ನು ಕಂಡು ಅವನಿಗೆ ಕನಿಕರವಾಗಿರಬೇಕು. "ನಡೀರಿ, ನಾನೂ ಬರ್ತೀನಿ. ನೀವಿಬ್ರ ಹೋಗೋದು ಚಲೋದಲ್ಲ, ಕರಡಿ ಅದಾವು," ಎಂದ. ನಾನು ಮುಂದೆ ನಡೆದೆ.

ಕಲ್ಲು ದಕ್ಷಿಣಕ್ಕೆ ಮುಖ ಮಾಡಿ ನಿಂತಿತ್ತು. ಬಿಸಿಲು ಪಕ್ಕದಿಂದ ಹರಿದು ಬಂದಂತೆ ಮೊದಲು ಹಂದಿ ಎದ್ದಿತು, ಅನಂತರ ಅದರ ಕಿವಿ ಹಿಡಿದ ನಾಯಿ, ಅನಂತರ ಈಟಿ ಹಿಡಿದ ಬೇಟೆಗಾರ. ಕೊಟ್ರಮ್ಮ ಕನ್ನಡಿ ಹಿಡಿದು ನೆರಳಿನ ಮೂಲೆಗೂ ಬೆಳಕು ಕೊಟ್ಟರು. ಅಕ್ಷರಗಳಿದ್ದದ್ದು ಒಂದು ಸಾಲು. ಉಳಿದಿದ್ದದ್ದು "ಬಹುಳ" ಮತ್ತು "ಸೋಮವಾರ" ಎಂಬ ಎರಡು ಪದ. ವರ್ಷವಿಲ್ಲ, ಮಾಸವಿಲ್ಲ, ತಿಥಿಯಿಲ್ಲ.

"ಸೋಮವಾರ ಅಂತ ಓದಾಕ ಅಷ್ಟು ಕಾಗದ ಹೊರಬೇಕಾಗಿತ್ತೇನ್ರಿ?" ಎಂದರು ಕೊಟ್ರಮ್ಮ. ಆಮೇಲೆ ಕನ್ನಡಿಯ ಬೆಳಕನ್ನು ತಾವಾಗಿಯೇ ಒಂದು ಬದಿಗೆ ಸರಿಸಿದರು. "ಇಲ್ಲೊಬ್ಬಾಕಿ ಅದಾಳ ನೋಡ್ರಿ, ಅವನ ಹಿಂದ. ತಲಿ ಮ್ಯಾಲೆ ಬುಟ್ಟಿ."

ಇದ್ದಳು. ಗೇಣುದ್ದದ ಹೆಂಗಸು. ಇಂಥ ಆಕೃತಿಗಳನ್ನು ನಾನು ನನ್ನ ಲೇಖನಗಳಲ್ಲಿ "ಪರಿಚಾರಿಕೆ, ಅಲಂಕಾರಕ್ಕಾಗಿ" ಎಂದು ಒಂದೇ ಮಾತಿನಲ್ಲಿ ಮುಗಿಸುವುದು ರೂಢಿ. ಹಾಗೆಯೇ ಹೇಳಿದೆ.

"ಅಲಂಕಾರಕ್ಕ ಯಾರರ ಬುಟ್ಟಿ ಹೊರ್ತಾರೇನ್ರಿ? ಬುತ್ತಿ ಅದು. ಅಂವ ಎರಡು ದಿನ ಅಡವ್ಯಾಗ ಇದ್ರ ಉಣ್ಣೋದೇನು, ಈಟೀನಾ?"

ಗಾರ್ಡ್ ಗಹಗಹಿಸಿ ನಕ್ಕ. ಬುತ್ತಿಯ ಆ ಮಾತನ್ನು ಟಿಪ್ಪಣಿಯಲ್ಲಿ ಕೊಟ್ರಮ್ಮನ ಹೆಸರಿನೊಂದಿಗೇ ಸೇರಿಸಿದ್ದೇನೆ.

ಮನೆಗೆ ಮರಳಿದ ಮೇಲೆ ಪ್ರವಾಸದ ವೃತ್ತಾಂತವನ್ನು ಬರೆದೆ. ಅದರಲ್ಲಿ, "ಲೇಖಕನು ಚೀಲವನ್ನು ಆದ್ಯಂತ ತಾನೇ ಹೊತ್ತು ಗುಡ್ಡವನ್ನು ಏರಿ ಇಳಿದನು; ಚೀಲದ ಭಾರವು ಅವನಿಗೆ ಕಿಂಚಿತ್ತೂ ತಿಳಿಯಲಿಲ್ಲ" ಎಂಬ ವಾಕ್ಯವಿತ್ತು. ಕೊಟ್ರಮ್ಮನಿಗೆ ಓದಿ ಹೇಳಿದೆ. ಷರತ್ತು ನೆರವೇರಿದ್ದನ್ನು ಸಾಕ್ಷಿಯ ಬಾಯಿಂದ ಕೇಳುವ ಆಸೆ. ಅವರು ತಮ್ಮ ಫೋನು ತೆರೆದು ನನ್ನ ಮುಂದೆ ಹಿಡಿದರು. ಗುಡ್ಡ ಹತ್ತುವವರ ಫೋಟೊ ಹಿಡಿದಿಡುವುದು ಆ ಗಾರ್ಡಿನ ಪದ್ಧತಿಯಂತೆ. ಒಂದು ಪ್ರತಿಯನ್ನು ಅವರಿಗೂ ಕಳುಹಿಸಿದ್ದ. ಎಲೆಮಚ್ಚೆಯ ಚೀಲ ಕೊಟ್ರಮ್ಮನ ಬೆನ್ನ ಮೇಲಿತ್ತು.

"ಅಂವ ಬಿಚ್ಚಿ ನೋಡಿದ ಮ್ಯಾಲೆ ನೀವು ಚೀಲ ಅಲ್ಲೇ ಬಿಟ್ಟು ಹೊಂಟ್ರಿ. ಕೂಗಿದ್ರ ತಿರುಗಿ ನೋಡಲಿಲ್ಲ. ನಾ ಹಾಕ್ಕೊಂಡೆ. ಇಳಿಯುವಾಗ್ಲೂ ನನ್ನ ಹತ್ರಾನ ಇತ್ತು."

ನಾನು ಬರೆದದ್ದನ್ನು ಮಡಚಿಟ್ಟು ಕೇಳಿದೆ. "ಹಾಗಾದರೆ ಕಲ್ಲಿನ ಬೇಟೆ ಬಂದ್ ಆದಂತೆಯೇ?"

"ಯಾಕ ಬಂದ್? ಹಿರೇಹಡಗಲಿ ಕಡೆ ಇನ್ನೊಂದು ಕಲ್ಲೈತಿ ಅಂದಿದ್ರಲ್ಲ, ಆ ಕಲ್ಲಿನಾಗಿನ ಹೆಣ್ಮಗಳು ಏನು ಹೊತ್ತಾಳ ನೋಡಬೇಕು ನಾ. ಚೀಲ ನನಗ ಚಲೋ ಕುಂದರ್ತೈತಿ. ನೀವು ಬೇಕಾದ್ರ ಕೊಡೆ ಹಿಡ್ಕಳ್ರಿ."

ನೆನಪಿಗೂ ದಾಖಲೆಗೂ ವಿರೋಧ ಬಂದಾಗ ದಾಖಲೆಯನ್ನೇ ಒಪ್ಪಬೇಕೆಂದು ವೃತ್ತಿಯುದ್ದಕ್ಕೂ ಬರೆದವನು ನಾನು. ಆದ್ದರಿಂದ ಇಲ್ಲಿ ದಾಖಲಿಸುತ್ತೇನೆ: ಪ್ರಸ್ತುತ ಛಾಯಾಚಿತ್ರವು ಲೇಖಕನ ನೆನಪನ್ನು ಸಮರ್ಥಿಸುವುದಿಲ್ಲ. ಅದರಲ್ಲಿ ಲೇಖಕನು ಎಲ್ಲರಿಗಿಂತ ಮುಂದೆ, ತುಸು ಮುಂದಕ್ಕೆ ಬಾಗಿ, ಭಾರ ಹೊತ್ತವರ ಗಂಭೀರ ನಡಿಗೆಯಲ್ಲಿ ಏರುತ್ತಿದ್ದಾನೆ; ಅವನ ಎರಡು ಕೈಗಳೂ ಭುಜದ ಬಳಿ, ಅಲ್ಲಿಲ್ಲದ ಪಟ್ಟಿಗಳನ್ನು ಬಿಗಿಯಾಗಿ ಹಿಡಿದುಕೊಂಡಿವೆ.